ಇಟಲಿಯಲ್ಲಿ ಗಲಾಟೆ ಇಲ್ಲದ ಸ್ಕೀ ಊರು ಯಾವುದು? ಅಪ್ಪ ಅಮ್ಮನೂ ಜೊತೆಗಿದ್ದಾರೆ

ತಟ್ಟೆಇಡ್ಲಿ_ರೆಡಿಂಗ್

ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಈಗ ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮಗಳಿಗೆ ಎಂಟು ವರ್ಷ. ಅವಳ ಕ್ಲಾಸಿನ ಅರ್ಧ ಮಕ್ಕಳು ಫೆಬ್ರವರಿ ರಜೆ ಮುಗಿಸಿ ಬರುವಾಗ ಮೂಗು ಸುಟ್ಟುಕೊಂಡು, ಕಣ್ಣಿನ ಸುತ್ತ ಮಾತ್ರ ಬಿಳಿ ಉಳಿಸಿಕೊಂಡು ಬರುತ್ತಾರೆ. ಎಲ್ಲ ಸ್ಕೀಯಿಂಗಿಗೆ ಹೋದವರು. ಇವಳು ಮೂರು ವರ್ಷದಿಂದ ಕೇಳುತ್ತಿದ್ದಾಳೆ. ನಾನು ಪ್ರತಿ ವರ್ಷ ಏನಾದರೂ ನೆಪ ಹೇಳಿ ಜಾರಿಕೊಂಡೆ. ಈ ಸಲ ಜಾರುವುದಾದರೆ ಹಿಮದ ಮೇಲೆಯೇ ಜಾರಿ ಅಂತ ಹೆಂಡತಿ ಹೇಳಿಬಿಟ್ಟಳು.

ನನಗೆ ಸ್ಕೀಯಿಂಗ್ ಬರುವುದಿಲ್ಲ ಅಂತಲೇ ಅಂದುಕೊಳ್ಳಿ. ಒಮ್ಮೆ ಆಫೀಸಿನವರ ಜೊತೆ ಫ್ರಾನ್ಸಿನ ಒಂದು ದೊಡ್ಡ ಜಾಗಕ್ಕೆ ಮೂರು ದಿನ ಹೋಗಿದ್ದೆ. ಲಿಫ್ಟಿನ ಮುಂದೆ ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್ ಥರ ಜನ. ಹೋಟೆಲ್ ಎಂದರೆ ಕಾಂಕ್ರೀಟ್ ಡಬ್ಬ. ರಾತ್ರಿ ಎರಡರ ತನಕ ಕಿಟಕಿ ಕೆಳಗೆ ಡಿಜೆ. ಅದು ಬೇಡವೇ ಬೇಡ. ಇಟಲಿ ಕಡೆ ಸಣ್ಣ ಊರುಗಳಿವೆ, ಊಟವೂ ಚೆನ್ನಾಗಿರುತ್ತದೆ, ಖರ್ಚೂ ಸ್ವಲ್ಪ ಕಡಿಮೆ ಅಂತ ಕೇಳಿದ್ದೇನೆ.

ತೊಡಕು ಇರುವುದು ಇಲ್ಲಿ. ಜನವರಿಯಲ್ಲಿ ಅಪ್ಪ ಅಮ್ಮ ಬರುತ್ತಾರೆ, ಫೆಬ್ರವರಿ ಪೂರ್ತಿ ನಮ್ಮ ಜೊತೆ ಇರುತ್ತಾರೆ. ಅಪ್ಪನಿಗೆ 71, ರಿಟೈರ್ಡ್ ಹಿಸ್ಟರಿ ಮೇಷ್ಟ್ರು, ಬಿಪಿ ಇದೆ, ಆದರೆ ದಿನಾ ಬೆಳಗ್ಗೆ ಐದು ಕಿಲೋಮೀಟರ್ ನಡೆಯುವ ಆಸಾಮಿ. ಅಮ್ಮನಿಗೆ ಮಂಡಿ ನೋವು, ಮೊಟ್ಟೆ ಕೂಡ ತಿನ್ನುವುದಿಲ್ಲ. ಇವರಿಬ್ಬರನ್ನು ವಾರವಿಡೀ ರೂಮಿನಲ್ಲಿ ಕೂರಿಸಿ ನಾವು ಮೂವರು ಹಿಮದಲ್ಲಿ ಆಡಲು ಹೋದರೆ ಅದು ರಜೆ ಅಲ್ಲ, ಪಾಪ. ಸ್ಕೀ ಮಾಡದವರಿಗೂ ಹೊತ್ತು ಹೋಗುವಂಥ, ಮಗು ಹೆದರದೆ ಕಲಿಯುವಂಥ, ಸುಮ್ನೆ ಇರುವ ಊರು ಯಾವುದಾದರೂ ಇದೆಯಾ? ಹೋಗಿ ಬಂದವರೇ ಹೇಳಿ. ಬ್ರೋಷರ್ ಓದಿ ಓದಿ ಸಾಕಾಗಿದೆ, ಎಲ್ಲ ಊರೂ ಸ್ವರ್ಗವೇ ಅಂತೆ.

ಟುರಿನ್_ತಿಮ್ಮ

ನಮಸ್ಕಾರ ಸಾರ್. ಓದಲು ಅಂತ ಟುರಿನ್‌ಗೆ ಬಂದವನು, ಇಲ್ಲೇ ಉಳಿದೆ. ಚಳಿಗಾಲದಲ್ಲಿ ತಿಂಗಳಿಗೆ ಒಂದೆರಡು ಸಲವಾದರೂ ಬೆಟ್ಟ ಹತ್ತುತ್ತೇನೆ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಶಾಂಪೊಲುಕ್. ಆವೋಸ್ತಾ ಪ್ರಾಂತ್ಯದಲ್ಲಿ, ಮೊಂತೆ ರೋಸಾ ಬೆಟ್ಟದ ಬುಡದಲ್ಲಿದೆ. ಅದು ಇರುವ ಕಣಿವೆಯ ಹೆಸರು ಆಯಾಸ್. ಹೆಸರು ಕೇಳಿಯೇ ಸುಸ್ತಾಗಬೇಡಿ, ಹೋದರೆ ಆಯಾಸ ಇಳಿಯುವ ಜಾಗ.

ಮೊದಲು ಗಲಾಟೆಯ ವಿಷಯ. ಇಟಲಿ ಅಂದ ಕೂಡಲೇ ಎಲ್ಲರೂ ಕೊರ್ಟಿನಾ ಅನ್ನುತ್ತಾರೆ. ಅದು 1956ರಲ್ಲೇ ಒಲಿಂಪಿಕ್ಸ್ ನಡೆಸಿದ ಊರು. ಅಲ್ಲಿ ಸ್ಕೀ ಮಾಡುವವರಿಗಿಂತ ಫರ್ ಕೋಟು ಹಾಕಿಕೊಂಡು ಓಡಾಡುವವರೇ ಜಾಸ್ತಿ ಕಾಣುತ್ತಾರೆ. ಶಾಂಪೊಲುಕ್ ಹಾಗಲ್ಲ. 1,568 ಮೀಟರ್ ಎತ್ತರದಲ್ಲಿ ಒಂದು ರಸ್ತೆ, ಒಂದು ಚರ್ಚು, ಬೇಕರಿ, ನಾಲ್ಕಾರು ಬಾರು, ಹಿಂದೆ ಹರಿಯುವ ಹೊಳೆ. ರಾತ್ರಿ ಹತ್ತಕ್ಕೆ ಊರು ಮಲಗುತ್ತದೆ. ಗಲಾಟೆ ಅಂತ ಇದ್ದರೆ ಶನಿವಾರ ಭಾನುವಾರ ಮಾತ್ರ, ಟುರಿನ್ ಮತ್ತು ಮಿಲಾನಿನಿಂದ ನಮ್ಮಂಥವರು ಬಂದು ಮಾಡುವ ಗಲಾಟೆ. ಸೋಮವಾರ ಬೆಳಗ್ಗೆ ನೋಡಬೇಕು ನೀವು, ಗೊಂಡೋಲಾದ (ತಂತಿಯ ಮೇಲೆ ಬೆಟ್ಟ ಹತ್ತಿಸುವ ಡಬ್ಬಿ) ಮುಂದೆ ಕ್ಯೂನೇ ಇರುವುದಿಲ್ಲ. ಇನ್ನೊಂದು ಗುಟ್ಟು: ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ತನಕ ಇಟಲಿಯವರು ಏನೇ ಆದರೂ ಊಟಕ್ಕೆ ಕೂರುತ್ತಾರೆ. ಆಗ ಪಿಸ್ಟ್, ಅಂದರೆ ಸ್ಕೀ ಜಾರುವ ದಾರಿ, ಪೂರ್ತಿ ನಿಮ್ಮದೇ.

ಊರಿನಿಂದ ಗೊಂಡೋಲಾ ಹತ್ತಿದರೆ ಕ್ರೆಸ್ಟ್ ಅನ್ನುವ ಜಾಗಕ್ಕೆ ಬಿಡುತ್ತದೆ, ಸುಮಾರು 2,000 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಮೇಲೆ ಅಂತಿಟ್ಟುಕೊಳ್ಳಿ. ಕಲಿಯುವ ಮಕ್ಕಳಿಗೆ ಸಪಾಟಾದ ಜಾಗ, ಚಲಿಸುವ ಕಾರ್ಪೆಟ್ ಎಲ್ಲ ಅಲ್ಲಿದೆ. ಒಂದು ಎಚ್ಚರ ಮಾತ್ರ ಇರಲಿ. ಕ್ರೆಸ್ಟಿನಿಂದ ಊರಿಗೆ ಇಳಿಯುವ ಪಿಸ್ಟ್ ಹೊಸಬರಿಗೆ ಅಲ್ಲ. ಸಂಜೆ ಎಲ್ಲರೂ ಇಳಿಯುತ್ತಾರೆ ಅಂತ ನೀವೂ ಇಳಿಯಬೇಡಿ, ಗೊಂಡೋಲಾದಲ್ಲೇ ವಾಪಸ್ ಬನ್ನಿ, ಯಾರೂ ನಗುವುದಿಲ್ಲ. ಇಟಲಿಯಲ್ಲಿ ಪಿಸ್ಟ್‌ಗೆ ಮೂರೇ ಬಣ್ಣ: ಸುಲಭಕ್ಕೆ ನೀಲಿ, ಮಧ್ಯಮಕ್ಕೆ ಕೆಂಪು, ಕಷ್ಟಕ್ಕೆ ಕಪ್ಪು. ಫ್ರಾನ್ಸಿನ ಹಾಗೆ ತೀರ ಸುಲಭದ್ದಕ್ಕೆ ಅಂತ ಹಸಿರು ಇಲ್ಲ. ಹಾಗಾಗಿ ನೀಲಿಯಲ್ಲೂ ಒಂದು ನೀಲಿ ಇನ್ನೊಂದರ ಹಾಗಿರುವುದಿಲ್ಲ.

ಮಗಳಿಗೂ ನಿಮಗೂ ಮೊದಲ ಎರಡು ದಿನಕ್ಕೆ ಅಂತಾನ್ಯೊ ಇನ್ನೂ ಒಳ್ಳೆಯದು. ಬರೆಯುವಾಗ ಕೊನೆಗೊಂದು ಡಿ ಇರುತ್ತದೆ, ಓದುವಾಗ ಇರುವುದಿಲ್ಲ, ಈ ಕಣಿವೆಗಳಲ್ಲಿ ಊರಿನ ಹೆಸರೆಲ್ಲ ಹೀಗೇ. ಶಾಂಪೊಲುಕ್‌ಗೆ ತುಂಬ ಹತ್ತಿರ, ಬಿಸಿಲು ಬೀಳುವ ಇಳಿಜಾರು, ಪಿಸ್ಟ್ ಬೆರಳೆಣಿಕೆಯಷ್ಟು. ಮಗು ಎಲ್ಲಿ ಬಿದ್ದರೂ ಕೆಳಗೆ ಕೂತವರಿಗೆ ಕಾಣುತ್ತದೆ. ಅಜ್ಜ ಅಜ್ಜಿ ಬಿಸಿಲು ಕಾಯುತ್ತಾ ಬಿಸಿ ಚಾಕೊಲೇಟ್ ಕುಡಿಯುತ್ತಾ ಮೊಮ್ಮಗಳು ಬೀಳುವುದನ್ನು ಎಣಿಸಬಹುದು. ಆ ಚಾಕೊಲೇಟ್ ನಮ್ಮ ರಾಗಿ ಗಂಜಿಯಷ್ಟು ಮಂದ ಇರುತ್ತದೆ, ಚಮಚ ಬೇಕು.

ನಿಮ್ಮ ತಂದೆಯವರಿಗೆ ಅಲ್ಲಿ ನೋಡಲು ಬೇಕಾದಷ್ಟಿದೆ. 13ನೇ ಶತಮಾನದಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ವಾಲೆ ಅನ್ನುವ ಪ್ರಾಂತ್ಯದ ಕಡೆಯಿಂದ ವಾಲ್ಸರ್ ಅನ್ನುವ ಜರ್ಮನ್ ಮಾತಿನ ಜನ ಕಣಿವೆ ದಾಟಿ ಬಂದು ಇಲ್ಲಿ ನೆಲೆಸಿದರು. ಪಕ್ಕದ ಗ್ರೆಸ್ಸೊನೆ ಕಣಿವೆಯಲ್ಲಿ ಟಿಚ್ ಅನ್ನುವ ಅವರ ಹಳೇ ಮಾತು ಇನ್ನೂ ಇದೆ. ಆಯಾಸ್ ಕಣಿವೆಯಲ್ಲಿ ಮರದ ಹಳೇ ಕಣಜಗಳಿವೆ, ರಸ್ಕಾರ್ ಅನ್ನುತ್ತಾರೆ. ಕೆಳಗೆ ಗಿಡ್ಡ ಕಂಬ, ಕಂಬದ ತಲೆ ಮೇಲೆ ಅಣಬೆಯ ಹಾಗೆ ಅಗಲವಾದ ಚಪ್ಪಟೆ ಕಲ್ಲು, ಅದರ ಮೇಲೆ ಇಡೀ ಮರದ ಮನೆ. ಇಲಿ ಕಂಬ ಹತ್ತಿದರೂ ಆ ಕಲ್ಲು ದಾಟಲು ಆಗುವುದಿಲ್ಲ. ನಮ್ಮಜ್ಜ ಕಣಜದ ಇಲಿ ಕಾಟಕ್ಕೆ ಬೈಯುತ್ತಿದ್ದದ್ದು ನೆನಪಾಗಿ ನಾನು ಅಲ್ಲಿ ಅರ್ಧ ಗಂಟೆ ನಿಂತಿದ್ದೆ, ಜೊತೆಗಿದ್ದ ಇಟಲಿ ಗೆಳೆಯನಿಗೆ ಯಾಕೆ ಅಂತ ಅರ್ಥವೇ ಆಗಲಿಲ್ಲ. ಶಾಂಪೊಲುಕ್ ಮೇಲಿರುವ ಮಾಸ್ಕೊನ್ಯಾ ಅನ್ನುವ ಸಣ್ಣ ವಾಲ್ಸರ್ ಹಟ್ಟಿಗೆ ನಡೆದು ಹೋಗಬಹುದು. ಹಿಮ ಗಟ್ಟಿಯಾಗಿದ್ದರೆ ಶೂಗೆ ಕಟ್ಟುವ ಮುಳ್ಳುಪಟ್ಟಿ ಬೇಕು, ಏರೂ ಇದೆ. ಅಪ್ಪನಿಗೆ ಓಕೆ, ಅಮ್ಮನಿಗೆ ಬೇಡ.

ಮೊಂತೆ ರೋಸಾ ಅಂದರೆ ಗುಲಾಬಿ ಬೆಟ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಂಜೆ ಹೊತ್ತು ಗುಲಾಬಿಯಾಗುವುದೂ ನಿಜವೇ. ಆದರೆ ಹೆಸರು ಬಂದಿದ್ದು ಹಿಮನದಿಗೆ ಇಲ್ಲಿಯವರು ಅನ್ನುವ ಹಳೇ ಮಾತಿನಿಂದ. ಇದನ್ನು ಮೇಷ್ಟ್ರಿಗೆ ಹೇಳಿ, ಖುಷಿಪಡುತ್ತಾರೆ.

ಮಂಡಿ_ಪುಡಿ

ತಿಮ್ಮ ಅವರು ಹೇಳಿದ್ದೆಲ್ಲ ಸರಿ, ಆದರೆ ಹೇಳದೇ ಬಿಟ್ಟ ಒಂದು ವಿಷಯ ಇದೆ, ಅದನ್ನು ನಾನು ದುಡ್ಡು ಕೊಟ್ಟು ಕಲಿತವನು.

ಶಾಂಪೊಲುಕ್, ಗ್ರೆಸ್ಸೊನೆ, ಅಲಾನ್ಯ ಮೂರೂ ಬೇರೆ ಬೇರೆ ಕಣಿವೆ. ಮೂರಕ್ಕೂ ಒಂದೇ ಪಾಸು, ಲಿಫ್ಟಿನಲ್ಲಿ ಬೆಟ್ಟದ ತಲೆ ದಾಟಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಮ್ಯಾಪಿನಲ್ಲಿ ಪಕ್ಕದ ಬೀದಿಯ ಹಾಗೆ ಕಾಣುತ್ತದೆ. ನಾನು ಆಗ ಮೂರನೇ ವರ್ಷದ ಸ್ಕೀಯರ್, ಅಂದರೆ ಎಲ್ಲ ಗೊತ್ತು ಅಂತ ಅಂದುಕೊಳ್ಳುವ ವಯಸ್ಸು. ಶಾಂಪೊಲುಕ್‌ನಲ್ಲಿ ರೂಮು. ಬೆಳಗ್ಗೆ ಸುಮಾರು 2,700 ಮೀಟರ್ ಎತ್ತರದ ಬೆತ್ತಾಫೊರ್ಕಾ ಕಣಿವೆದಾರಿ ದಾಟಿ ಗ್ರೆಸ್ಸೊನೆ ಕಡೆ ಇಳಿದೆ. ಮಧ್ಯಾಹ್ನ ಪೊಲೆಂತಾ ತಿಂದು, ಬಿಸಿಲಿಗೆ ಮುಖ ಕೊಟ್ಟು ಒಂದು ಗಂಟೆ ಸುಮ್ನೆ ಕೂತೆ. ಎದ್ದು ನೋಡಿದರೆ ಮೇಲೆ ಗಾಳಿ. ಲಿಫ್ಟ್ ನಿಲ್ಲಿಸಿದ್ದಾರೆ. ಇವತ್ತು ಇನ್ನು ಬಿಡುವುದಿಲ್ಲ ಅಂದರು.

ಬೆಟ್ಟದ ಮೇಲಿಂದ ಅರ್ಧ ಗಂಟೆಯ ದಾರಿ. ರಸ್ತೆಯಲ್ಲಿ ಬಂದರೆ ಇಡೀ ಒಂದು ಕಣಿವೆ ಇಳಿದು, ಪೊಂ ಸಾಂ ಮಾರ್ತಾಂಗೆ ಬಂದು, ವೆರೆಸ್ ತನಕ ಹೆದ್ದಾರಿ ಹಿಡಿದು, ಮತ್ತೆ ಇನ್ನೊಂದು ಕಣಿವೆ ಹತ್ತಬೇಕು. ಸ್ಕೀ ಬೂಟು ಹಾಕಿಕೊಂಡು, ಎರಡು ಸ್ಕೀ ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಟ್ಯಾಕ್ಸಿಯಲ್ಲಿ ಕೂತು ಬಂದೆ. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿಯೂ ಈ ಫೋರಮ್ಮಿನಲ್ಲಿದ್ದಾಳೆ. ಬೆಳಗ್ಗೆ ಲಿಫ್ಟಿನ ಹತ್ತಿರ ಗಾಳಿ ಬರಬಹುದು ಅಂತ ಬೋರ್ಡು ಹಾಕಿದ್ದರು. ನಾನೇ ಓದಲಿಲ್ಲ.

ನೀವು ಹೊಸಬರು, ಕಣಿವೆ ದಾಟುವ ಯೋಚನೆಯೇ ಬೇಡ. ಮೂರೂ ಕಣಿವೆಯ ಪಾಸೂ ಬೇಡ. ದಿನಕ್ಕೆ 50 ಯೂರೊ ದಾಟಿದೆ ಅದು. ಮೊದಲ ಮೂರು ದಿನ ನೀವು ನೂರು ಮೀಟರ್ ಜಾಗದಲ್ಲೇ ಬೀಳುತ್ತಾ ಏಳುತ್ತಾ ಇರುತ್ತೀರಿ. ಕಲಿಯುವವರಿಗೆ ಅಂತ ಕಡಿಮೆ ದರದ ಟಿಕೆಟ್ ಏನಿದೆ ಅಂತ ಕೌಂಟರಿನಲ್ಲಿ ಕೇಳಿ. ಸ್ಕೀ ಕಲಿಸುವ ಮಾಸ್ತರು ಸರಿ ಅಂದ ಮೇಲೆ ದೊಡ್ಡ ಪಾಸು.

ಮತ್ತೆ ಬೂಟಿನ ವಿಷಯ. ಬಾಡಿಗೆ ಅಂಗಡಿಯಲ್ಲಿ ನಾಚಿಕೊಳ್ಳಬೇಡಿ. ನನ್ನ ಮೊದಲ ವರ್ಷ ಆರಾಮಾಗಿರಲಿ ಅಂತ ಒಂದು ಸೈಜು ದೊಡ್ಡದು ತೆಗೆದುಕೊಂಡು, ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕಿದ್ದೆ. ಎರಡನೇ ದಿನಕ್ಕೆ ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಚರ್ಮವೇ ಇರಲಿಲ್ಲ. ಒಂದೇ ಸಾಕ್ಸ್, ತೆಳುವಾದದ್ದು, ಉದ್ದದ್ದು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿದರೆ ಬೆರಳು ಹಿಂದೆ ಸರಿದು ಸಡಿಲ ಆಗಬೇಕು, ಹಿಮ್ಮಡಿ ಮಾತ್ರ ಅಲುಗಾಡಬಾರದು. ಅಲುಗಾಡಿದರೆ ಬೇರೆ ಕೊಡಿ ಅನ್ನಿ, ಹತ್ತು ಸಲ ಆದರೂ ಅನ್ನಿ. ಮಗಳ ಬೂಟನ್ನು ನೀವೇ ಕೈಯಿಟ್ಟು ನೋಡಿ, ಮಕ್ಕಳು ಉತ್ಸಾಹದಲ್ಲಿ ಎಲ್ಲದಕ್ಕೂ ಸರಿ ಅನ್ನುತ್ತಾರೆ.

ಬಸವನಗುಡಿ_ಬಜ್ಜಿ

ಸುಮ್ನೆ ಕೇಳುತ್ತೇನೆ, ಬೈಬೇಡಿ. ಇಷ್ಟೆಲ್ಲ ದುಡ್ಡು ಸುರಿಯುವ ಬದಲು ಗುಲ್‌ಮಾರ್ಗ್‌ಗೋ ಔಲಿಗೋ ಹೋಗಬಾರದಾ? ಗುಲ್‌ಮಾರ್ಗ್ ಗೊಂಡೋಲಾ 3,900 ಮೀಟರಿಗೂ ಮೇಲೆ ಹೋಗುತ್ತದೆ, ನಿಮ್ಮ ಇಟಲಿ ಯಾವ ಲೆಕ್ಕ.

ಮಂಡಿ_ಪುಡಿ

ಗುರು, ಅವರು ಇರುವುದು ರೆಡಿಂಗ್‌ನಲ್ಲಿ. ಟುರಿನ್‌ಗೆ ಎರಡು ಗಂಟೆ ಫ್ಲೈಟು. ಮತ್ತೆ ಬಿಪಿ ಇರುವ ಯಜಮಾನರನ್ನು 3,900 ಮೀಟರಿಗೆ ಯಾಕೆ ಹತ್ತಿಸಬೇಕು ಹೇಳು. ಗುಲ್‌ಮಾರ್ಗ್ ಬಗ್ಗೆ ಬೇರೆ ಥ್ರೆಡ್ ಹಾಕು, ನಾನೂ ಬರುತ್ತೇನೆ.

ಸಾಗರದ_ಹುಡುಗಿ

ನಾನು ಮಿಲಾನಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಎಲ್ಲರೂ ಸ್ಕೀ ಮಾಡುವವರ ಕಣ್ಣಿನಿಂದಲೇ ಹೇಳುತ್ತಿದ್ದೀರಿ. ನಾನು ಅತ್ತೆ ಮಾವನನ್ನು ಕರೆದುಕೊಂಡು ಹೋದವಳು, ಆ ಕಡೆಯಿಂದ ಹೇಳುತ್ತೇನೆ.

ಶಾಂಪೊಲುಕ್ ಚೆನ್ನಾಗಿದೆ, ಆದರೆ ಸ್ಕೀ ಮಾಡದ ಹಿರಿಯರಿಗೆ ಮೂರನೇ ದಿನಕ್ಕೆ ಬೇಜಾರು ಬರುತ್ತದೆ. ನನ್ನ ಓಟು ಕೋನ್ಯಗೆ. ಅದೂ ಆವೋಸ್ತಾ ಪ್ರಾಂತ್ಯವೇ, 1,534 ಮೀಟರ್. ಊರ ಮುಂದೆ ಸಾಂತೊರ್ಸೊ ಅನ್ನುವ ದೊಡ್ಡ ಹುಲ್ಲುಗಾವಲು, ಅಲ್ಲಿ ಮನೆ ಕಟ್ಟುವಂತಿಲ್ಲ. ಚಳಿಗಾಲದಲ್ಲಿ ಅದು ಪೂರ್ತಿ ಬಿಳಿ, ಹಿಂದೆ ಗ್ರಾನ್ ಪಾರದೀಸೊ ಬೆಟ್ಟ. ಸಪಾಟಾದ ದಾರಿ, ಮಂಡಿ ನೋವಿನವರೂ ನಿಧಾನಕ್ಕೆ ನಡೆಯಬಹುದು, ಕೂರಲು ಬೆಂಚೂ ಇದೆ. ಕೋನ್ಯ ಹೆಸರು ಮಾಡಿರುವುದು ಕ್ರಾಸ್ ಕಂಟ್ರಿ ಸ್ಕೀಯಿಂಗಿಗೆ. ಅಂದರೆ ಬೆಟ್ಟದಿಂದ ಜಾರಿ ಬೀಳುವುದಲ್ಲ, ಹಿಮದಲ್ಲಿ ಕೊರೆದ ಎರಡು ಗೆರೆಯಲ್ಲಿ ತೆಳುವಾದ ಸ್ಕೀ ಹಾಕಿಕೊಂಡು ನಡೆದ ಹಾಗೆ ಹೋಗುವುದು. ನಮ್ಮ ಕೊಡಗಿನ ಭವಾನಿ ತೆಕ್ಕಡ ಭಾರತದ ಪರವಾಗಿ ಸ್ಪರ್ಧಿಸುವುದು ಇದರಲ್ಲೇ. ನೋಡಲು ಸಲೀಸು, ಮಾಡಿದರೆ ಹತ್ತು ನಿಮಿಷದಲ್ಲಿ ಬೆವರು. ದಿನಾ ಐದು ಕಿಲೋಮೀಟರ್ ನಡೆಯುವ ನಿಮ್ಮ ಅಪ್ಪ ಡಾಕ್ಟರನ್ನು ಕೇಳಿಕೊಂಡು ಒಂದು ಕ್ಲಾಸು ಮಾಡಿದರೂ ಆಶ್ಚರ್ಯ ಇಲ್ಲ. ಮಗಳಿಗೆ ಬೆಟ್ಟದ ಸ್ಕೀಯಿಂಗ್ ಕಲಿಯಲು ಊರಿನಿಂದಲೇ ಗೊಂಡೋಲಾ ಇದೆ, ಮೇಲೆ ಕೆಲವೇ ಪಿಸ್ಟ್. ಮೊದಲ ವರ್ಷಕ್ಕೆ ಅಷ್ಟು ಸಾಕು.

ಗ್ರಾನ್ ಪಾರದೀಸೊ ಇಟಲಿಯ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ, 1922ರದ್ದು. ಮೊದಲು ರಾಜನ ಬೇಟೆ ಕಾಡಾಗಿತ್ತು. ಐಬೆಕ್ಸ್ ಅನ್ನುವ ಬಾಗಿದ ಕೊಂಬಿನ ಕಾಡುಮೇಕೆ ಆಲ್ಪ್ಸ್‌ನ ಬೇರೆ ಕಡೆ ಅಳಿದುಹೋದಾಗ ಇಲ್ಲಿ ಮಾತ್ರ ಉಳಿದಿತ್ತು. ಕೋನ್ಯದಿಂದ ಮೂರು ಕಿಲೋಮೀಟರ್ ದೂರದ ವಾಲ್‌ನೊಂತೆಗೆ ಬೆಳಗ್ಗೆ ಬೇಗ ಹೋಗಿ. ಚಳಿಗೆ ಮೇವು ಹುಡುಕಿ ಪ್ರಾಣಿಗಳು ಕೆಳಗೆ ಇಳಿದಿರುತ್ತವೆ. ನಮ್ಮ ಮಾವ ಮೊದಲ ದಿನ ಶಾಲು ಸುತ್ತಿಕೊಂಡು, ಏನಮ್ಮ ಈ ಚಳಿಯಲ್ಲಿ ಏನು ನೋಡುವುದು ಅಂತ ಗೊಣಗುತ್ತಾ ಬಂದವರು. ಹೊಳೆಯ ಆಚೆ ದಡದಲ್ಲಿ ಮೂರು ಶಮ್ವಾ, ಅಂದರೆ ಬೆಟ್ಟದ ಜಿಂಕೆಯಂಥವು, ಕಾಲಲ್ಲಿ ಹಿಮ ಕೆರೆದು ಕೆರೆದು ಕೆಳಗಿನ ಒಣ ಹುಲ್ಲು ತಿನ್ನುತ್ತಿದ್ದವು. ಮಾವ ಉಸಿರು ಬಿಡದೆ ನಿಂತುಬಿಟ್ಟರು. ಆಮೇಲೆ ವಾರ ಪೂರ್ತಿ ನಾವು ಏಳುವ ಮೊದಲೇ ಎದ್ದು, ಮಂಗನ ಟೋಪಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿರುತ್ತಿದ್ದರು.

ಲಿಲ್ಲ ಅನ್ನುವ ಹಳ್ಳಿಯ ಜಲಪಾತ ಚಳಿಗಾಲದಲ್ಲಿ ಗಟ್ಟಿ ಮಂಜುಗಡ್ಡೆ. ಅದರ ಮೇಲೆ ಕೊಡಲಿ ಹಿಡಿದು ಜನ ಹತ್ತುತ್ತಿರುತ್ತಾರೆ, ನಮಗೆ ಕೆಳಗೆ ನಿಂತು ನೋಡುವುದೇ ಮಜಾ. ಕೋನ್ಯದ ಹೆಂಗಸರು ಕೈಯಲ್ಲೇ ಲೇಸು ಹೆಣೆಯುತ್ತಾರೆ, ಮರದ ಸಣ್ಣ ಕಡ್ಡಿಗಳಿಗೆ ದಾರ ಸುತ್ತಿ, ಟಕಟಕ ಅಂತ ಅಡ್ಡಡ್ಡ ಹಾಕುತ್ತಾ. ಅತ್ತೆ ಕ್ರೋಶಾ ಮಾಡುವವರು, ಭಾಷೆ ಬರದಿದ್ದರೂ ಅಲ್ಲಿ ಎರಡು ಗಂಟೆ ಮಾತಾಡಿದರು.

ಇನ್ನು ಊಟ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಬೆಟ್ಟದ ಕಡೆ ಸಸ್ಯಾಹಾರ ಅಂದರೆ ಅವರ ಲೆಕ್ಕವೇ ಬೇರೆ.

ಪೊಲೆಂತಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಹಳೇ ಕಾಲದ ಮನೆಗಳಲ್ಲಿ ದೊಡ್ಡ ತಾಮ್ರದ ಪಾತ್ರೆಯಲ್ಲಿ, ನಮ್ಮ ಮುದ್ದೆ ಕೋಲಿನಂಥದೇ ಕೋಲು ಹಿಡಿದು, ಮುಕ್ಕಾಲು ಗಂಟೆ ತಿರುವುತ್ತಾರೆ. ಅದಕ್ಕೆ ಫೊಂತೀನಾ ಚೀಸು, ಬೆಣ್ಣೆ ಕಲಸಿದರೆ ಪೊಲೆಂತಾ ಕೊಂಚಾ. ತುಮಕೂರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ ಅಲ್ವಾ, ಅಗಿಯುವ ಬದಲು ನುಂಗಿದರೂ ನಡೆಯುತ್ತದೆ. ಆದರೆ ಫೊಂತೀನಾ, ಪಾರ್ಮಿಜಾನೊ ಎರಡಕ್ಕೂ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ನಿಮ್ಮ ಅಮ್ಮನಿಗೆ ಇದು ಮುಖ್ಯವಾದರೆ ಬೆಣ್ಣೆ ಮಾತ್ರ ಹಾಕಿದ ಪೊಲೆಂತಾ ಕೇಳಿ. ಬ್ರೆಡ್ಡು ಮತ್ತು ಎಲೆಕೋಸಿನ ಬಿಸಿ ಬಿಸಿ ಸೂಪು ಇರುತ್ತದೆ, ಮೆನುವಿನಲ್ಲಿ ಮಾಂಸದ ಸುಳಿವೇ ಇರುವುದಿಲ್ಲ, ಆದರೆ ಬೇಯಿಸಿರುವುದು ಮಾಂಸದ ಸಾರಿನಲ್ಲಿ. ಸೆಂತ್ಸ ಕಾರ್ನೆ ಅಂದರೆ ಮಾಂಸ ಬೇಡ ಅಂತ. ಅಷ್ಟು ಸಾಲದು, ಸೆಂತ್ಸ ಬ್ರೋದೊ ದಿ ಕಾರ್ನೆ ಅಂತಲೂ ಹೇಳಿ, ಅದು ಸಾರಿಗೆ. ಮೊಟ್ಟೆಗೆ ಸೆಂತ್ಸ ಉವೋವಾ. ಕೈಯಲ್ಲಿ ಮಾಡಿದ ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ, ಅಂಗಡಿಯ ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ ಮತ್ತು ನೀರು. ಕೇಕು, ಕ್ರೀಮು ಎಲ್ಲದರಲ್ಲೂ ಮೊಟ್ಟೆ ಇದೆ ಅಂತಲೇ ಅಂದುಕೊಳ್ಳಿ.

ಹಾಗಾಗಿ ಹೋಟೆಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಮಧ್ಯಾಹ್ನ ಹೊರಗೆ, ರಾತ್ರಿ ಮನೆಯಲ್ಲಿ ಅನ್ನ ಸಾರು. ನಮ್ಮ ಅತ್ತೆಯ ಮುಖದಲ್ಲಿ ನಗು ಬಂದಿದ್ದೇ ಸಾರಿನ ಒಗ್ಗರಣೆ ವಾಸನೆ ಎದ್ದ ಮೇಲೆ.

ತಟ್ಟೆಇಡ್ಲಿ_ರೆಡಿಂಗ್

ಅಬ್ಬಾ, ಇಷ್ಟೆಲ್ಲ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಆಯಾಸ್ ಅಂದ ಕೂಡಲೇ ನಕ್ಕರು, ಇಲಿ ದಾಟದ ಕಲ್ಲಿನ ಬಗ್ಗೆ ಮೂರು ಪ್ರಶ್ನೆ ಕೇಳಿದರು. ಅಮ್ಮ ಮಾತ್ರ ಕರುವಿನ ಹೊಟ್ಟೆ ಅಂದ ಮೇಲೆ ಇಲ್ಲಿಯ ಚೀಸ್ ಸ್ಯಾಂಡ್‌ವಿಚ್ಚಿನ ಬಗ್ಗೆಯೂ ವಿಚಾರಣೆ ಶುರು ಮಾಡಿದ್ದಾರೆ.

ಇನ್ನು ಕೆಲವು ಡೌಟು. ನಮ್ಮ ಮೂವರದೂ ಇಂಡಿಯನ್ ಪಾಸ್‌ಪೋರ್ಟ್, ಇಲ್ಲಿಂದಲೇ ಯುರೋಪಿನ ಷೆಂಗೆನ್ ವೀಸಾಗೆ ಅರ್ಜಿ ಹಾಕುತ್ತೇವೆ. ಅಪ್ಪ ಅಮ್ಮ ಇಲ್ಲಿಗೆ ಬಂದ ಮೇಲೆ ಅವರದ್ದನ್ನೂ ಲಂಡನ್ನಿನಲ್ಲೇ ಹಾಕಬಹುದಾ? ಏರ್‌ಪೋರ್ಟಿನಿಂದ ಕಾರು ಬಾಡಿಗೆಗೆ ತೆಗೆದುಕೊಂಡರೆ ಹಿಮದ ರಸ್ತೆ ಕಷ್ಟವಾ? ಇನ್ಶೂರೆನ್ಸ್ ಕಡ್ಡಾಯ ಅಂತ ಯಾರೋ ಅಂದರು, ನಿಜವಾ?

ಸಾಗರದ_ಹುಡುಗಿ

ವೀಸಾ ತುಮಕೂರಿನಿಂದ ಹೊರಡುವ ಮೊದಲೇ ಮಾಡಿಸಿ. ಷೆಂಗೆನ್ ಅರ್ಜಿ ಹಾಕಬೇಕಾದದ್ದು ತಾವು ವಾಸ ಇರುವ ದೇಶದಲ್ಲಿ. ವಿಸಿಟರ್ ಆಗಿ ಇಂಗ್ಲೆಂಡಿಗೆ ಬಂದವರ ಅರ್ಜಿಯನ್ನು ಅಲ್ಲಿ ತೆಗೆದುಕೊಳ್ಳುವುದು ಕಷ್ಟ. ಆರು ತಿಂಗಳು ಮುಂಚೆಯೇ ಹಾಕಬಹುದು, ಕೊನೆಯ ತನಕ ಕಾಯಬೇಡಿ. ದೊಡ್ಡವರಿಗೆ ಫೀಸು 90 ಯೂರೊ. ಜೊತೆಗೆ ಕನಿಷ್ಠ 30,000 ಯೂರೊ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಅಗ್ಗದ ಪಾಲಿಸಿಯಲ್ಲಿ ಚಳಿಗಾಲದ ಆಟ ಸೇರಿರುವುದಿಲ್ಲ, ಸ್ಕೀ ಮಾಡುವ ಮೂವರಿಗೆ ಅದು ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಅಪ್ಪನ ಬಿಪಿಯನ್ನೂ ಫಾರ್ಮಿನಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಟುರಿನ್_ತಿಮ್ಮ

ಇನ್ಶೂರೆನ್ಸ್ ಕಡ್ಡಾಯ ಅನ್ನುವುದು ನಿಜ ಸಾರ್, ಆದರೆ ಅದು ಬೇರೆ ಇನ್ಶೂರೆನ್ಸ್. ನೀವು ಯಾರಿಗಾದರೂ ಗುದ್ದಿ ಅವರ ಕಾಲು ಮುರಿದರೆ ಅವರಿಗೆ ಕೊಡುವ ದುಡ್ಡಿಗೆ. 2022ರ ಜನವರಿ 1ರಿಂದ ಇಟಲಿಯ ಪಿಸ್ಟ್‌ಗಳಲ್ಲಿ ಅದು ಇರಲೇಬೇಕು. ಪಾಸ್ ಕೊಳ್ಳುವಾಗಲೇ ದಿನಕ್ಕೆ ಕೆಲವೇ ಯೂರೊ ಸೇರಿಸಿ ತೆಗೆದುಕೊಳ್ಳಬಹುದು. ಹೆಲ್ಮೆಟ್ ಮೊದಲು 18ರ ಒಳಗಿನವರಿಗೆ ಮಾತ್ರ ಇತ್ತು, 2025ರ ನವೆಂಬರ್ 1ರಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯ. ಕುಡಿದು ಸ್ಕೀ ಮಾಡಿದರೂ ದಂಡ ಇದೆ, ಪೊಲೀಸರು ಸ್ಕೀ ಹಾಕಿಕೊಂಡೇ ಓಡಾಡುತ್ತಾರೆ. ಹಾಗಾಗಿ ಮಧ್ಯಾಹ್ನ ಯಾರಾದರೂ ಪ್ರೀತಿಯಿಂದ ಜೆನೆಪಿ ಅನ್ನುವ ಇಲ್ಲಿಯ ಮದ್ಯದ ಗ್ಲಾಸು ಮುಂದಿಟ್ಟರೆ ಗೊಂಡೋಲಾದಲ್ಲಿ ಇಳಿಯುವ ಲೆಕ್ಕ ಇದ್ದರೆ ಮಾತ್ರ ಎತ್ತಿ.

ಕಾರು ತೊಂದರೆ ಇಲ್ಲ. ಹೆದ್ದಾರಿಯಲ್ಲಿ ವೆರೆಸ್ ತನಕ ಆರಾಮು, ಅಲ್ಲಿಂದ ಶಾಂಪೊಲುಕ್‌ಗೆ 27 ಕಿಲೋಮೀಟರ್ ತಿರುವು. ಆಗುಂಬೆ ಘಾಟಿ ಓಡಿಸಿದವರಿಗೆ ತಿರುವು ಹೊಸದಲ್ಲ, ಹಿಮ ಮಾತ್ರ ಹೊಸದು. ಏಪ್ರಿಲ್ 15ರ ತನಕ ಚಳಿಗಾಲದ ಟಯರ್ ಇರಬೇಕು, ಇಲ್ಲವೇ ಡಿಕ್ಕಿಯಲ್ಲಿ ಚೈನ್ ಇರಬೇಕು. ಬಾಡಿಗೆ ಕಾರಿನವರಿಗೆ ಇದನ್ನು ಬುಕ್ ಮಾಡುವಾಗಲೇ ಹೇಳಿ. ಎಲ್ಲದರಲ್ಲೂ ಇರುತ್ತದೆ ಅಂತ ನಂಬಿ ನಾನು ಒಮ್ಮೆ ಬೇಸಿಗೆ ಟಯರಿನಲ್ಲಿ ಅರ್ಧ ಘಾಟಿ ಹತ್ತಿ, ಹಿಮ ಬಿದ್ದದ್ದು ನೋಡಿ ರಿವರ್ಸ್‌ನಲ್ಲಿ ಇಳಿದಿದ್ದೇನೆ. ರೈಲು ನಂಬಬೇಡಿ. ಇವ್ರೇಯಾದಿಂದ ಆವೋಸ್ತಾದ ಮಾರ್ಗವನ್ನು ಕರೆಂಟ್ ಲೈನ್ ಎಳೆಯಲು 2024ರ ಜನವರಿಯಲ್ಲಿ ಮುಚ್ಚಿದರು, ಬದಲಿಗೆ ಬಸ್ಸು ಬಿಟ್ಟರು. ಹೊರಡುವ ಮೊದಲು ಈಗ ಹೇಗಿದೆ ಅಂತ ನೋಡಿಕೊಳ್ಳಿ.

ದಾರಿಯಲ್ಲಿ ಬಾರ್ಡ್ ಕೋಟೆ ಸಿಗುತ್ತದೆ, ಮೇಷ್ಟ್ರಿಗೋಸ್ಕರ ಗಾಡಿ ನಿಲ್ಲಿಸಿ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ಸೈನ್ಯ ಆಲ್ಪ್ಸ್ ದಾಟಿ ಬಂದಾಗ ಈ ಕೋಟೆಯ ಸುಮಾರು ನಾನೂರು ಸೈನಿಕರು ಅದನ್ನು ಎರಡು ವಾರ ತಡೆದು ನಿಲ್ಲಿಸಿದ್ದರು. ಈಗಿರುವುದು ಆಮೇಲೆ ಮತ್ತೆ ಕಟ್ಟಿದ ಕೋಟೆ, ಯಾಕೆಂದರೆ ಹಳೆಯದನ್ನು ನೆಪೋಲಿಯನ್ ಸಿಟ್ಟಿನಲ್ಲಿ ಕೆಡವಿಸಿದ. ಒಳಗೆ ಮ್ಯೂಸಿಯಂ ಇದೆ, ಮೇಲೆ ಹೋಗಲು ಗಾಜಿನ ಲಿಫ್ಟ್ ಇದೆ, ಅಮ್ಮನ ಮಂಡಿಗೂ ಚಿಂತೆ ಇಲ್ಲ.

ಕೋನ್ಯ ಒಳ್ಳೆಯ ಸಲಹೆ, ಅಕ್ಕ ಹೇಳಿದ್ದು ಸರಿ. ನಾನು ಹಿರಿಯರ ಬಗ್ಗೆ ಅಷ್ಟು ಯೋಚಿಸಿರಲಿಲ್ಲ. ಆದರೆ ಮಗಳಿಗೆ ಕಲಿಯುವ ಹುಚ್ಚು ಹತ್ತಿದರೆ ನಾಲ್ಕನೇ ದಿನಕ್ಕೆ ಕೋನ್ಯದ ಪಿಸ್ಟ್ ಸಾಲುವುದಿಲ್ಲ ಅಂತಲೂ ಗೊತ್ತಿರಲಿ. ಆಗ ಆವೋಸ್ತಾಗೆ ಇಳಿದು ಪೀಲಾ ಗೊಂಡೋಲಾ ಹತ್ತಿ. ಪಟ್ಟಣದ ಮಧ್ಯದಿಂದ ಸೀದಾ 1,800 ಮೀಟರಿಗೆ ಹೋಗುತ್ತದೆ. ಜನವರಿ 30, 31ಕ್ಕೆ ಬಂದರೆ ಆವೋಸ್ತಾದಲ್ಲಿ ಸಾಂತೊರ್ಸೊ ಜಾತ್ರೆ, ಬೀದಿ ತುಂಬ ಮರದ ಕೆತ್ತನೆ, ಆಯಾಸ್ ಕಣಿವೆಯವರ ಮರದ ಚಪ್ಪಲಿ. ನಿಮಗೆ ಸ್ಕೂಲ್ ರಜೆ ಇಲ್ಲ ಅಂತ ಗೊತ್ತು, ಸುಮ್ನೆ ಹೇಳಿದೆ.

ತಟ್ಟೆಇಡ್ಲಿ_ರೆಡಿಂಗ್

ಮನೆಯಲ್ಲಿ ಓಟು ಹಾಕಿದೆವು. ಕೋನ್ಯಗೆ ಮೂರು, ಶಾಂಪೊಲುಕ್‌ಗೆ ಎರಡು. ಅಪ್ಪ ಇಲಿ ಕಲ್ಲಿಗೋಸ್ಕರ ಶಾಂಪೊಲುಕ್ ಅಂದರು, ಮಗಳು ಜಿಂಕೆಗೋಸ್ಕರ ಕೋನ್ಯ ಅಂದಳು, ನಾನು ಹೆಂಡತಿಯ ಕಡೆ ಹೋದೆ. ಕೊನೆಗೆ ಐದು ರಾತ್ರಿ ಕೋನ್ಯ, ಎರಡು ರಾತ್ರಿ ಅಂತಾನ್ಯೊ ಅಂತ ರಾಜಿ ಆಯಿತು. ಎರಡು ಕಡೆಯೂ ಅಡುಗೆಮನೆ ಇರುವ ಜಾಗ ನೋಡುತ್ತಿದ್ದೇನೆ.

ಕೊನೆಯ ಪ್ರಶ್ನೆ, ಇದು ಅಮ್ಮನದ್ದು. ಪ್ರೆಷರ್ ಕುಕ್ಕರ್ ತರಬೇಕಾ, ಮತ್ತೆ ತುಪ್ಪ, ಕರಿಬೇವು ತರಬಹುದಾ?

ಸಾಗರದ_ಹುಡುಗಿ

ಕುಕ್ಕರ್ ಖಂಡಿತ ತನ್ನಿ. ಆ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟರೆ ಬೇಳೆ ಬೇಯುವುದೇ ಇಲ್ಲ, ನಾನು ಗ್ಯಾಸ್ ಮುಂದೆ ನಿಂತು ಅತ್ತಿದ್ದೇನೆ. ಆದರೆ ಮನೆಯವರಿಗೆ ಮೊದಲೇ ಬರೆದು ಕೇಳಿ, ಗ್ಯಾಸ್ ಒಲೆಯಾ ಇಂಡಕ್ಷನ್ನಾ ಅಂತ. ಇಂಡಕ್ಷನ್ ಆದರೆ ಅಲ್ಯುಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ಸ್ಟೀಲಿನದ್ದು ಬೇಕು.

ತುಪ್ಪ ಬೇಡ. ಇಂಗ್ಲೆಂಡಿನಿಂದಾಗಲಿ ಇಂಡಿಯಾದಿಂದಾಗಲಿ ಹಾಲಿನ ಪದಾರ್ಥ, ಮಾಂಸ ಇಲ್ಲಿಗೆ ತರುವಂತಿಲ್ಲ.  ಹಸಿ ಕರಿಬೇವು, ಹಸಿಮೆಣಸಿನಕಾಯಿಯೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಒಣಮೆಣಸಿನಕಾಯಿ, ಇಂಗು ಸಾಕು. ಬೆಣ್ಣೆ ಕೋನ್ಯದ ಅಂಗಡಿಯಲ್ಲೇ ಕೊಂಡು ಕಾಯಿಸಿಕೊಳ್ಳಿ. ಅಲ್ಲಿಯ ಹಸುವಿನ ಬೆಣ್ಣೆ, ಅಮ್ಮ ಊರಿನದ್ದೇ ಅಂದುಕೊಳ್ಳುತ್ತಾರೆ. ಕಾಯಿಸುವಾಗ ಕಿಟಕಿ ತೆಗೆದಿಡಿ, ಆ ಮನೆಗಳಲ್ಲಿ ಸ್ಮೋಕ್ ಅಲಾರ್ಮ್ ಬೇಗ ಕೂಗುತ್ತದೆ.